ನಮ್ಮ ಹುಡುಗರನ್ನೂ ಒಂದು ವರ್ಷ ಕಳಿಸಿ ನೋಡಿ

ಬಾನ್ ಊರಿನ 66ನೇ ನಂಬರ್ ಟ್ರಾಮಿನಲ್ಲಿ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಗದಗಿನಲ್ಲಿ ಮಳೆ ಆಯಿತೋ ಇಲ್ಲವೋ, ಹೊಲದಲ್ಲಿ ಶೇಂಗಾ ಹೇಗಿದೆ, ಅಷ್ಟೇ ಮಾತು. ಫೋನ್ ಇಟ್ಟೆ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿ, "ಊಟ ಆತೇನ್ರಿ?" ಎಂದಳು.

ನನಗೆ ಒಂದು ಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ಹೊಂಬಣ್ಣದ ಕೂದಲು, ಹೆಗಲಿಗೆ ಇಳಕಲ್ ಸೀರೆಯ ಬಟ್ಟೆಯಲ್ಲಿ ಹೊಲಿದ ಚೀಲ. ಅಪ್ಪಟ ಜರ್ಮನ್ ಹುಡುಗಿ. ಬಾಯಲ್ಲಿ ಮಾತ್ರ ನಮ್ಮ ಕಡೆಯ ಕನ್ನಡ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಪೂರ್ತಿ ಒಂದು ವರ್ಷ ಇದ್ದು ಬಂದಿದ್ದಳಂತೆ. ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಕಣದ ಪಕ್ಕ ನಡೆದರೆ ಕೆಮ್ಮು ಹೇಗೆ ಬರುತ್ತದೆ ಎಂದು ಹೇಳಿದಳು. ಮೊದಲ ಮೂರು ತಿಂಗಳು ಮಕ್ಕಳಿಗೆ ತಾನೇನೂ ಕಲಿಸಲಿಲ್ಲ, ಅಡುಗೆಯ ಅಕ್ಕನೇ ತನಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು ಎಂದಳು. ಟ್ರಾಮಿನ ಕಂಬವನ್ನು ಮೊಣಕೈಯಲ್ಲಿ ಹಿಡಿದುಕೊಂಡು, ಎರಡೂ ಅಂಗೈಯಲ್ಲಿ ಹಿಟ್ಟನ್ನು ಹೇಗೆ ತಿರುಗಿಸುತ್ತಾ ಬಡಿಯಬೇಕು ಅಂತ ತೋರಿಸಿದಳು. ಕೈ ಸರಿಯಾಗಿಯೇ ತಿರುಗುತ್ತಿತ್ತು. ನಮ್ಮ ಅಕ್ಕನ ಮಗಳಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ.

"ಖರ್ಚು ಯಾರದು?" ಎಂದು ಕೇಳಿದೆ. "ಜಾಸ್ತಿ ಪಾಲು ಸರ್ಕಾರದ್ದು" ಎಂದಳು.

ಆ ಮಾತು ನನ್ನ ತಲೆಯಲ್ಲಿ ಕೂತಿದೆ. ನಾನು ಬಾನ್‌ಗೆ ಬಂದು ಬಹಳ ವರ್ಷಗಳಾದವು. ಹಿಂದೆ ಪಶ್ಚಿಮ ಜರ್ಮನಿಯ ರಾಜಧಾನಿಯಾಗಿದ್ದ ಊರು ಇದು. ರಾಜಧಾನಿ ಬರ್ಲಿನ್‌ಗೆ ಹೋದರೂ ಅಭಿವೃದ್ಧಿ ಸಹಕಾರದ ಸಚಿವಾಲಯ ಇಲ್ಲೇ ಉಳಿಯಿತು. ವಿಶ್ವಸಂಸ್ಥೆಯ ಸ್ವಯಂಸೇವಕರ ಕೇಂದ್ರ ಕಚೇರಿ 1996ರಿಂದ ಇದೇ ಊರಿನಲ್ಲಿದೆ. ಹೀಗಾಗಿ ಮಲಾವಿಯಲ್ಲಿದ್ದು ಬಂದವರು, ಬೊಲಿವಿಯಾದಲ್ಲಿದ್ದು ಬಂದವರು ಇಲ್ಲಿನ ಬಸ್ಸು ಟ್ರಾಮುಗಳಲ್ಲಿ, ಬೇಕರಿಯ ಸಾಲಿನಲ್ಲಿ ಸಿಗುತ್ತಲೇ ಇರುತ್ತಾರೆ. ಮೊದಮೊದಲು ಅದು ನನಗೆ ಸಂಬಂಧವಿಲ್ಲದ ಸಂಗತಿ ಅನಿಸುತ್ತಿತ್ತು. ನನ್ನ ಕೆಲಸ ಕಂಪ್ಯೂಟರ್. ಆದರೆ ಪ್ರತಿ ಸಲ ಊರಿಗೆ ಹೋಗಿ ಬಂದಾಗ ಮನಸ್ಸು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಇವರು ತಮ್ಮ ಮಕ್ಕಳನ್ನು ಏನು ಮಾಡುತ್ತಾರೆ, ನಾವು ನಮ್ಮ ಮಕ್ಕಳನ್ನು ಏನು ಮಾಡುತ್ತೇವೆ ಅಂತ.

ಆ ಹುಡುಗಿ ಹೋಗಿ ಬಂದ ಯೋಜನೆಯ ಹೆಸರು ವೆಲ್ಟ್‌ವೆರ್ಟ್ಸ್. ಲೋಕದ ಕಡೆಗೆ ಎಂದು ಅರ್ಥ. 2008ರಲ್ಲಿ ಶುರುವಾಯಿತು. 18ರಿಂದ 28 ವರ್ಷದವರು ಹೋಗಬಹುದು. ಆರು ತಿಂಗಳಿಂದ ಎರಡು ವರ್ಷದವರೆಗೆ ಇರಬಹುದು, ಹೆಚ್ಚಿನವರು ಒಂದು ವರ್ಷ ಇರುತ್ತಾರೆ. ವಿಮಾನದ ಖರ್ಚು, ವಿಮೆ, ಇರಲು ಜಾಗ, ಊಟ, ಕೈಖರ್ಚಿಗೆ ಒಂದಿಷ್ಟು. ಸಂಬಳ ಇಲ್ಲ. ಖರ್ಚಿನ ಮುಕ್ಕಾಲು ಪಾಲಿನವರೆಗೆ ಸರ್ಕಾರ ಕೊಡುತ್ತದೆ. ಉಳಿದದ್ದನ್ನು ಕಳಿಸುವ ಸಂಸ್ಥೆ ಹೊಂದಿಸಬೇಕು. ಅದಕ್ಕಾಗಿ ಎಷ್ಟೋ ಹುಡುಗ ಹುಡುಗಿಯರು ಹೊರಡುವ ಮುಂಚೆ ತಮ್ಮ ನೆಂಟರು, ಪರಿಚಯದವರ ಹತ್ತಿರ ಹೋಗಿ ದುಡ್ಡು ಕೂಡಿಸುತ್ತಾರೆ. ನಮ್ಮೂರಲ್ಲಿ ಜಾತ್ರೆಗೆ ಪಟ್ಟಿ ಎತ್ತುತ್ತೇವಲ್ವಾ, ಹಾಗೆಯೇ.

ನನಗೆ ಬಹಳ ಹಿಡಿಸಿದ ಸಂಗತಿ ಬೇರೆ. ಒಂದು ವರ್ಷ ಹೋಗುವವರಿಗೆ 25 ದಿನ ತರಬೇತಿ ಕಡ್ಡಾಯ. ಹೋಗುವ ಮುಂಚೆ ಸ್ವಲ್ಪ, ನಡುವೆ ಸ್ವಲ್ಪ, ವಾಪಸ್ ಬಂದ ಮೇಲೆ ಸ್ವಲ್ಪ. ಬಂದ ಮೇಲೂ ಕೂರಿಸಿಕೊಂಡು ಏನು ನೋಡಿದೆ, ನಿನಗೆ ಏನನಿಸಿತು, ಈಗ ಇಲ್ಲಿ ಏನು ಮಾಡುತ್ತೀಯ ಎಂದು ಕೇಳುತ್ತಾರೆ. ಇದನ್ನು ಅವರು ಕಲಿಯುವ ಸೇವೆ ಎಂದು ಕರೆಯುತ್ತಾರೆ. ಬಡವರನ್ನು ಉದ್ಧಾರ ಮಾಡಿ ಬಾ ಎಂದು ಯಾರೂ ಹೇಳಿ ಕಳಿಸುವುದಿಲ್ಲ.

ಹಾಗಂತ ಎಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಯೋಜನೆ ಶುರುವಾದ ವರ್ಷವೇ ಇಲ್ಲಿನ ಪತ್ರಿಕೆಗಳಲ್ಲಿ ಜೋರು ಟೀಕೆ ಬಂತು. ಶಾಲೆ ಮುಗಿಸಿದ ಎಳೆ ಮಕ್ಕಳು ಆಫ್ರಿಕಾದ ಆಸ್ಪತ್ರೆಯಲ್ಲಿ, ಭಾರತದ ಶಾಲೆಯಲ್ಲಿ ಏನು ಮಾಡುತ್ತಾರೆ? ಇದು ಸರ್ಕಾರದ ದುಡ್ಡಲ್ಲಿ ಪ್ರವಾಸ ಅಲ್ಲವೇ? ಪ್ರಶ್ನೆ ಸರಿಯಾಗಿಯೇ ಇದೆ. ಹೋಗುವವರಲ್ಲಿ ಹೆಚ್ಚಿನವರು ಓದಿದವರ, ಅನುಕೂಲಸ್ಥರ ಮನೆಯ ಮಕ್ಕಳು. ಕೂಲಿ ಮಾಡುವವರ ಮನೆಯಿಂದ ಹೋಗುವವರು ಕಡಿಮೆ. ಹಾವೇರಿ ಹಳ್ಳಿಯ ಹಾಸ್ಟೆಲಿಗೆ ವರ್ಷಕ್ಕೊಬ್ಬ ಹೊಸ ಅಕ್ಕ ಬಂದು ಹೋದರೆ ಅಲ್ಲಿನ ಮಕ್ಕಳಿಗೆ ಏನಾಗುತ್ತದೆ ಎಂದು ನನಗೂ ಚಿಂತೆಯಾಗುತ್ತದೆ. ಹಚ್ಚಿಕೊಂಡು, ಬಿಟ್ಟು, ಮತ್ತೆ ಹಚ್ಚಿಕೊಂಡು. ಮಕ್ಕಳ ಮನಸ್ಸಿಗೆ ಅದು ಸುಮ್ನೆ ಅಲ್ಲ.

ಪದವಿ ಮುಗಿಸಿದವರಿಗೆ ಇರುವ ದಾರಿಗಳು ಇದಕ್ಕಿಂತ ಗಟ್ಟಿ. ಆಸಾ ಎಂಬ ಯೋಜನೆ 1960ರಿಂದ ಇದೆ. ಓದುತ್ತಿರುವವರು ಮತ್ತು ಆಗಷ್ಟೇ ಕೆಲಸಕ್ಕೆ ಸೇರಿದವರು ಸುಮಾರು ಮೂರು ತಿಂಗಳು ಹೊರದೇಶದ ಒಂದು ಯೋಜನೆಯಲ್ಲಿ ಕೆಲಸ ಮಾಡಿ ಬರುತ್ತಾರೆ. ವಿಶ್ವಸಂಸ್ಥೆಯಲ್ಲಿ ಕಿರಿಯ ಅಧಿಕಾರಿಗಳನ್ನು ಆಯಾ ದೇಶದ ಸರ್ಕಾರವೇ ಸಂಬಳ ಕೊಟ್ಟು ಕೂರಿಸುವ ಪದ್ಧತಿ 1960ರ ದಶಕದ ಆರಂಭದಿಂದ ನಡೆದಿದೆ. ಅದರಲ್ಲಿ ದುಡ್ಡು ಕೊಡುವ ದೇಶ ಸಾಮಾನ್ಯವಾಗಿ ತನ್ನ ಮಕ್ಕಳನ್ನೇ ಕಳಿಸುತ್ತದೆ. ನೆದರ್‌ಲ್ಯಾಂಡ್ಸ್‌ನಂಥ ಕೆಲವು ದೇಶಗಳು ಬಡ ದೇಶಗಳ ಯುವಕರ ಖರ್ಚನ್ನೂ ಹೊತ್ತಿವೆ. ಕೆನಡಾ ಸರ್ಕಾರ ಪದವಿ ಮುಗಿಸಿದ 30 ವರ್ಷದೊಳಗಿನವರನ್ನು ಹೊರದೇಶದ ಅಭಿವೃದ್ಧಿ ಕೆಲಸಕ್ಕೆ ತರಬೇತಿಗಾಗಿ ಕಳಿಸುವ ಯೋಜನೆಯನ್ನು ಬಹಳ ವರ್ಷ ನಡೆಸಿತು. ಜಪಾನ್ ಸರ್ಕಾರದ ಸ್ವಯಂಸೇವಕರ ಯೋಜನೆ 1965ರಲ್ಲಿ ಶುರುವಾದದ್ದು. ಮೊದಲ ತಂಡ ಲಾವೋಸ್ ದೇಶಕ್ಕೆ ಹೋಯಿತು. ಜಪಾನಿನವರು ಹೊರಡುವ ಮುಂಚೆ ಸುಮಾರು 70 ದಿನ ಒಂದೇ ಕಡೆ ಇರಿಸಿಕೊಂಡು, ಹೋಗುವ ಊರಿನ ಭಾಷೆ ಕಲಿಸುತ್ತಾರೆ. ಎರಡು ವರ್ಷ ಇರಬೇಕು. ಶಾಲೆಯ ಮೇಷ್ಟ್ರು ಹೋದರೆ ಅವರ ಕೆಲಸ ಹೋಗುವುದಿಲ್ಲ, ಬಂದು ಅದೇ ಕುರ್ಚಿಯಲ್ಲಿ ಕೂರಬಹುದು.

ದಕ್ಷಿಣ ಕೊರಿಯಾದ ಕತೆ ನಮಗೆ ಇನ್ನೂ ಹತ್ತಿರ. 1966ರಿಂದ 1981ರವರೆಗೆ ಅಮೆರಿಕಾ ಸರ್ಕಾರ ಕಳಿಸುವ ಸ್ವಯಂಸೇವಕರು, ಪೀಸ್ ಕೋರ್ ಹುಡುಗರು, ಅಲ್ಲಿಗೆ ಬಂದು ಇಂಗ್ಲಿಷ್ ಕಲಿಸಿದರು, ಆರೋಗ್ಯ ಕೇಂದ್ರಗಳಲ್ಲಿ ದುಡಿದರು. ನಮ್ಮ ದೇಶಕ್ಕೂ ಅವರು 1961ರಿಂದ 1976ರವರೆಗೆ ಬರುತ್ತಿದ್ದರು. ಕೊರಿಯಾ 1990ರಿಂದ ತನ್ನದೇ ಯುವಕರನ್ನು ಬೇರೆ ದೇಶಗಳಿಗೆ ಕಳಿಸಲು ಶುರು ಮಾಡಿತು. ಪಡೆಯುವ ಸಾಲಿನಿಂದ ಎದ್ದು ಕೊಡುವ ಸಾಲಿಗೆ ಹೋಗಿ ಕೂತಿತು. ನಾವು ಇನ್ನೂ ಎಲ್ಲಿದ್ದೇವೆ?

ಈಗ ಧಾರವಾಡಕ್ಕೆ ಬನ್ನಿ.

ಹೋದ ಸಲ ಊರಿಗೆ ಬಂದಾಗ ಅಕ್ಕನ ಮಗನನ್ನು ನೋಡಲು ಸಪ್ತಾಪುರಕ್ಕೆ ಹೋಗಿದ್ದೆ. ಅಲ್ಲಿ ಹೋದವರಿಗೆ ಗೊತ್ತು. ಓಣಿ ಓಣಿಗೂ ಕೋಚಿಂಗ್ ಬೋರ್ಡು, ಝೆರಾಕ್ಸ್ ಅಂಗಡಿ, ಲೈಬ್ರರಿ ಹೆಸರಿನ ಓದುವ ಕೋಣೆಗಳು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರಿನಿಂದ ಬಂದ ಮಕ್ಕಳು. ಅವನ ಕೋಣೆ ಎರಡು ಮಂಚಕ್ಕೆ ಸರಿಯಾಗಿ ಇದೆ. ಮೂವರು ಇದ್ದಾರೆ. ಇಬ್ಬರು ಮಲಗಿದರೆ ಒಬ್ಬ ಓದುತ್ತಾನೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದ ಹುಡುಗ ಅವನು. ಓದುವಾಗ ಹಳ್ಳಿಯಲ್ಲಿ ಉಳಿದು ಮನೆ ಮನೆ ಸುತ್ತಿ ಸರ್ವೇ ಮಾಡಿದ್ದ. ಯಾವ ಓಣಿಯ ನಲ್ಲಿಯಲ್ಲಿ ನೀರು ಬರುತ್ತದೆ, ಯಾವುದರಲ್ಲಿ ಬರಲ್ಲ, ಯಾಕೆ ಬರಲ್ಲ ಎಂದು ನನಗೆ ಒಂದು ತಾಸು ಹೇಳಿದ್ದ. ಆಗ ಅವನ ಕಣ್ಣಲ್ಲಿ ಏನು ಹೊಳಪಿತ್ತು! ಈಗ ನಾಲ್ಕು ವರ್ಷದಿಂದ ಪಿಡಿಒ ಪರೀಕ್ಷೆ, ಎಫ್‌ಡಿಎ ಪರೀಕ್ಷೆ, ಕೆಎಎಸ್ ಪರೀಕ್ಷೆ. ಅಧಿಸೂಚನೆ ಬರುವುದಕ್ಕೆ ಕಾಯುವುದು, ಪರೀಕ್ಷೆ ಮುಂದೆ ಹೋಗುವುದು, ಮತ್ತೆ ಕಾಯುವುದು.

ಅವನ ಮಂಚದ ಮೇಲಿನ ಗೋಡೆಗೆ ದೊಡ್ಡದೊಂದು ಪ್ರಪಂಚದ ನಕ್ಷೆ ಅಂಟಿಸಿದ್ದ. ಆಫ್ರಿಕಾದ ಪ್ರತಿ ದೇಶದ ಮೇಲೂ ಕೆಂಪು ಇಂಕಿನಲ್ಲಿ ಸಣ್ಣ ಅಕ್ಷರ. ರಾಜಧಾನಿ, ನಾಣ್ಯ. "ಕೇಳ್ರಿ ಮಾಮಾ, ಯಾವುದರ ಕೇಳ್ರಿ" ಎಂದ. ಮಲಾವಿ ಎಂದೆ. "ಲಿಲಾಂಗ್ವೆ. ಕ್ವಾಚಾ." ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಬುರ್ಕಿನಾ ಫಾಸೊ ಎಂದೆ. "ವಾಗಡೂಗು." ಒಂದೂ ತಪ್ಪಲಿಲ್ಲ. ನಕ್ಷೆಯ ಕೆಳಗಿನ ಮೂಲೆ ಅವನು ತಲೆ ಆನಿಸುವ ಜಾಗದಲ್ಲಿ ಎಣ್ಣೆ ಹತ್ತಿ ಹಳದಿಯಾಗಿತ್ತು. ದಕ್ಷಿಣ ಅಮೆರಿಕಾದ ತುದಿ ಕಾಣುತ್ತಲೇ ಇರಲಿಲ್ಲ.

ಬಾನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಇವನದೇ ವಯಸ್ಸಿನ ಒಬ್ಬ ಹುಡುಗ ಇದ್ದಾನೆ. ಅವನು ಒಂದು ವರ್ಷ ಮಲಾವಿಯಲ್ಲಿದ್ದು ಬಂದ. ಲಿಲಾಂಗ್ವೆ ಅವನಿಗೆ ಪರೀಕ್ಷೆಯ ಉತ್ತರ ಅಲ್ಲ, ಬಸ್ಸು ಹತ್ತುವ ಊರು. ಅಲ್ಲಿ ಮೆಕ್ಕೆಜೋಳದ ಹಿಟ್ಟನ್ನು ನೀರಲ್ಲಿ ಕುದಿಸಿ ಗಟ್ಟಿ ಮಾಡಿ ಕೈಯಲ್ಲಿ ಮುರಿದು ತಿನ್ನುತ್ತಾರೆ, ನ್ಸಿಮಾ ಎನ್ನುತ್ತಾರೆ ಎಂದ. ನಮ್ಮಲ್ಲಿ ಮೈಸೂರು ಕಡೆ ರಾಗಿ ಮುದ್ದೆ ಇದೆಯಲ್ಲ, ಅದರ ತಮ್ಮ ಎಂದು ನಾನು ಹೇಳಿದೆ. ಅಲ್ಲಿ ಶೇಂಗಾ ದೊಡ್ಡ ಬೆಳೆ. ಆದರೆ ಕಾಯಿ ಸರಿಯಾಗಿ ಒಣಗಿಸದೆ ಇಟ್ಟರೆ ಶಿಲೀಂಧ್ರ ಹತ್ತಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಆ ಕಾರಣಕ್ಕೇ ಮಲಾವಿಯ ಶೇಂಗಾಕ್ಕೆ ಯುರೋಪಿನ ಬಾಗಿಲು ಮುಚ್ಚಿಹೋಗಿತ್ತಂತೆ. ಅವನು ರೈತರ ಸಂಘವೊಂದರಲ್ಲಿ ಕೂತು ಆ ಬಗ್ಗೆ ಕಾಗದ ಪತ್ರ ಬರೆದುಕೊಡುತ್ತಿದ್ದ. ಶೇಂಗಾ ಗಿಡವನ್ನು ಅವನು ಜೀವನದಲ್ಲಿ ಮೊದಲು ನೋಡಿದ್ದೇ ಅಲ್ಲಿ.

ನನಗೆ ಆಗ ಹೊಟ್ಟೆಯಲ್ಲಿ ಒಂಥರಾ ಸಂಕಟ ಆಯಿತು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಯಾವ ಮನೆಯ ಮಗುವಿಗೆ ಶೇಂಗಾ ಗೊತ್ತಿಲ್ಲ? ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ತಿರುಗಿಸಿ ಇಡುವುದು, ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕಾಳಿನ ಸದ್ದು ಕೇಳುವುದು. ಇದನ್ನು ನಮ್ಮ ಅಜ್ಜಿ ಕಲಿಸಿದ್ದಾಳೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ತಂದ ಜಿಪಿಬಿಡಿ-4 ಶೇಂಗಾ ತಳಿ ತುಕ್ಕು ರೋಗವನ್ನೂ ಎಲೆಚುಕ್ಕೆ ರೋಗವನ್ನೂ ತಡೆಯುತ್ತದೆ. ಅಲ್ಲಿ ಓದಿದ ಹುಡುಗಿಯೊಬ್ಬಳು ಮಲಾವಿಯ ಆ ಸಂಘದಲ್ಲಿ ಒಂದು ವರ್ಷ ಕೂತಿದ್ದರೆ? ಅವಳಿಗೆ ಹೇಳುವುದಕ್ಕೂ ಇರುತ್ತಿತ್ತು, ಕೇಳುವುದಕ್ಕೂ ಇರುತ್ತಿತ್ತು. ನಾವು ದಿನಾ ತಿನ್ನುವ ಜೋಳದ ಮೂಲ ಕೂಡ ಆಫ್ರಿಕಾವೇ. ಸುಡಾನ್, ಇಥಿಯೋಪಿಯಾ ಕಡೆಯಿಂದ ಸಾವಿರಾರು ವರ್ಷಗಳ ಹಿಂದೆ ಬಂದ ಕಾಳು. ಕಲಘಟಗಿ ಕಡೆ ಹೋದರೆ ಸಿದ್ದಿ ಜನ ಇದ್ದಾರೆ, ಅವರ ಹಿರಿಯರೂ ಅಲ್ಲಿಂದಲೇ ಬಂದವರು. ನಂಟು ಹಳೆಯದು. ಹೋಗಿ ಬರುವ ದಾರಿ ಮಾತ್ರ ಇಲ್ಲ.

ಸರ್ಕಾರದ ದುಡ್ಡಲ್ಲಿ ಒಬ್ಬರು ಹೊರದೇಶ ನೋಡಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಗದಗಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಊರಲ್ಲಿ ಸಿಗುವುದಿಲ್ಲ. ಇದನ್ನು ನಾನು ತಿಳಿದುಕೊಂಡದ್ದು ಇಲ್ಲಿಗೆ ಬಂದ ಮೇಲೆ.

ಬಾನ್‌ನಿಂದ ರೈನ್ ನದಿಯ ಬಲದಂಡೆಯ ರೈಲು ಹತ್ತಿದರೆ ಒಂದು ಗಂಟೆಯೊಳಗೆ ನೊಯ್‌ವೀಡ್ ಎಂಬ ಊರು ಬರುತ್ತದೆ. ಅಲ್ಲಿ ನದಿಗೆ ಕಟ್ಟಿದ ದೊಡ್ಡ ಸೇತುವೆಯ ಹೆಸರು ರೈಫೈಸನ್ ಸೇತುವೆ. ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಈ ಭಾಗದ ಹಳ್ಳಿಗಳ ಆಡಳಿತ ನೋಡುತ್ತಿದ್ದವರು. 1846-47ರ ಚಳಿಗಾಲದಲ್ಲಿ ಬರ ಬಿದ್ದು ಜನ ಹಸಿದಾಗ, ಊರವರನ್ನು ಸೇರಿಸಿ ಹಿಟ್ಟು ತರಿಸಿ, ಊರಿಗೊಂದು ಒಲೆ ಕಟ್ಟಿಸಿ ರೊಟ್ಟಿ ಸುಡಿಸಿದರು. ಆಮೇಲೆ ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲು 1864ರಲ್ಲಿ ನೊಯ್‌ವೀಡ್ ಪಕ್ಕದ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲದ ಸಂಘ ಕಟ್ಟಿದರು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು ಸೇರಬೇಕು. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ. ಲಾಭ ಹಂಚಿಕೊಳ್ಳುವ ಆಸೆ ಇರಬಾರದು. ಇಷ್ಟೇ ಅದರ ಗುಟ್ಟು.

ಇತ್ತ ನಮ್ಮ ನೆಲದಲ್ಲಿ ಬರದ ಮೇಲೆ ಬರ. ರೈತ ಸಾಹುಕಾರನ ವಹಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಹೊಲ ಕಳೆದುಕೊಳ್ಳುತ್ತಿದ್ದ. 1892ರಲ್ಲಿ ಮದರಾಸು ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿನ ರೈತರ ಬ್ಯಾಂಕುಗಳನ್ನು ಅಧ್ಯಯನ ಮಾಡಲು ನೇಮಿಸಿತು. ಅವರು ನೋಡಿ, ಓದಿ, 1895 ಮತ್ತು 1897ರಲ್ಲಿ ಎರಡು ಸಂಪುಟ ವರದಿ ಕೊಟ್ಟರು. ಅಷ್ಟು ದಪ್ಪ ವರದಿಯ ಸಾರ ಒಂದೇ ಮಾತು: ಒಬ್ಬ ರೈಫೈಸನ್‌ನನ್ನು ಹುಡುಕಿ. ಅದರ ಜಾಡಿನಲ್ಲೇ 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಅದು ಎನ್ನುತ್ತಾರೆ. ಏಷ್ಯಾಕ್ಕೇ ಮೊದಲು ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ.

ನೊಯ್‌ವೀಡ್‌ನ ನದಿ ದಂಡೆಯಲ್ಲಿ ನಿಂತು ನಾನು ಇದನ್ನೇ ಯೋಚಿಸುತ್ತಿದ್ದೆ. ಈ ತಣ್ಣಗಿನ ಊರಿನಿಂದ ನಮ್ಮ ಎರೆ ಹೊಲದ ಕಣಗಿನಹಾಳಕ್ಕೆ ಒಂದು ವಿಚಾರ ನಡೆದು ಹೋಯಿತಲ್ಲ. ಅದನ್ನು ಹೊತ್ತು ತರಲು ಒಬ್ಬರ ಪ್ರಯಾಣದ ಖರ್ಚು ಸಾಕಾಯಿತು. ಮನಸ್ಸಿಗೆ ನೋವಾಗುವುದು ಒಂದೇ. ಹೋದವರು ಬ್ರಿಟಿಷ್ ಅಧಿಕಾರಿ. ಸಿದ್ದನಗೌಡರಂಥ ನಮ್ಮವರನ್ನು ಯಾರೂ ಕಳಿಸಲಿಲ್ಲ. ಹಳ್ಳಿಯ ಕಷ್ಟ ಮೈಮೇಲೆ ಹೊತ್ತಿದ್ದ ಮನುಷ್ಯ ಸ್ವತಃ ಆ ಸಂಘಗಳನ್ನು ನೋಡಿ ಬಂದಿದ್ದರೆ ಇನ್ನೇನೇನು ತರುತ್ತಿದ್ದರೋ.

ನೂರಿಪ್ಪತ್ತು ವರ್ಷ ಆಯಿತು. ಈಗ ಸರ್ಕಾರ ನಮ್ಮದೇ. ಪರಿಸ್ಥಿತಿ ಎಷ್ಟು ಬದಲಾಗಿದೆ? ಹೊರದೇಶದಲ್ಲಿ ಓದಲು ನೆರವಿದೆ, ಅದನ್ನು ಒಪ್ಪುತ್ತೇನೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಕೇಂದ್ರದ್ದೂ ಇದೆ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆಯೂ ಇದೆ. ಎಷ್ಟೋ ಮನೆಗಳ ದಿಕ್ಕು ಅದರಿಂದ ಬದಲಾಗಿದೆ, ಅದು ಇನ್ನೂ ಬೆಳೆಯಬೇಕು. ಭಾರತ ಸರ್ಕಾರದ ಐಟೆಕ್ ಯೋಜನೆ 1964ರಿಂದ ನಡೆದಿದೆ. ಅದರಲ್ಲಿ 160ಕ್ಕೂ ಹೆಚ್ಚು ದೇಶಗಳವರು ನಮ್ಮಲ್ಲಿಗೆ ಬಂದು ತರಬೇತಿ ಪಡೆಯುತ್ತಾರೆ, ನಮ್ಮ ತಜ್ಞರೂ ಅಲ್ಲಿಗೆ ಹೋಗುತ್ತಾರೆ. ಆದರೆ ಅದರ ಗಮನ ಇರುವುದು ಅಧಿಕಾರಿಗಳ ಮೇಲೆ, ಅನುಭವಿ ತಜ್ಞರ ಮೇಲೆ. ನಿನ್ನೆ ಮೊನ್ನೆ ಪದವಿ ಮುಗಿಸಿ ಸಪ್ತಾಪುರದ ಕೋಣೆಯಲ್ಲಿ ಕೂತವನ ಮೇಲೆ ಅಲ್ಲ.

ಇದ್ದದ್ದೂ ನಮ್ಮ ಕಡೆಗೆ ತಲುಪುವುದು ಕಷ್ಟ. ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಓದುತ್ತಿದ್ದಾಗ ಹೊರದೇಶದ ಯುವ ವಿನಿಮಯ ಕಾರ್ಯಕ್ರಮವೊಂದರ ಪ್ರಕಟಣೆ ಬಂದಿತ್ತು. ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅದನ್ನು ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಕೊನೆಯ ದಿನಾಂಕ ಮುಗಿದು ಒಂಬತ್ತು ದಿನ ಆಗಿತ್ತು. ಆಫೀಸಿನಲ್ಲಿ ಕೇಳಿದೆ. ನಿಮ್ಮಂಥವರಿಗೆ ಇದೆಲ್ಲಾ ಎಲ್ಲಿ ಸಿಗ್ತದೆ ಬಿಡಪ್ಪಾ ಎಂದರು. ಬೈದು ಹೇಳಲಿಲ್ಲ, ಸಮಾಧಾನ ಮಾಡುವ ದನಿಯಲ್ಲೇ ಹೇಳಿದರು. ಅದೇ ಇನ್ನೂ ಜಾಸ್ತಿ ಚುಚ್ಚಿತು.

ಇದನ್ನು ಊರಿನಲ್ಲಿ ಯಾರ ಮುಂದೆ ಹೇಳಿದರೂ ಮೊದಲು ಬರುವ ಮಾತು ಒಂದೇ. ನಮ್ಮ ಹಳ್ಳಿಗಳೇ ಇನ್ನೂ ಸುಧಾರಿಸಿಲ್ಲ, ಆಫ್ರಿಕಾ ಉದ್ಧಾರ ಮಾಡೋಕೆ ನಮ್ಮ ತೆರಿಗೆ ದುಡ್ಡು ಯಾಕೆ? ನಾನು ಆ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಜರ್ಮನಿಯವರಿಂದ ನಾನು ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಳಿಸುವುದು ಉದ್ಧಾರ ಮಾಡಲಿಕ್ಕಲ್ಲ. ಕೀನ್ಯಾದ ಹಳ್ಳಿಯೊಂದರಲ್ಲಿ ಕುಡಿಯುವ ನೀರಿನ ಸಮಿತಿ ಹೇಗೆ ದುಡ್ಡು ಕೂಡಿಸುತ್ತದೆ, ಪಂಪು ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ಒಂದು ವರ್ಷ ನೋಡಿ ಬಂದ ಹುಡುಗಿ, ಮುಂಡರಗಿ ತಾಲ್ಲೂಕಿನ ಪಂಚಾಯಿತಿಯಲ್ಲಿ ಕೂತಾಗ ಅದೇ ಕಣ್ಣಿನಿಂದ ತನ್ನ ಊರನ್ನು ನೋಡುತ್ತಾಳೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರಿಗೆ ಊರಿನ ಎಷ್ಟೋ ಸಂಗತಿ ಕಾಣುವುದೇ ಇಲ್ಲ. ನನಗೂ ಕಂಡಿರಲಿಲ್ಲ. ಹುಬ್ಬಳ್ಳಿಯ ಬಸ್ ಸ್ಟಾಪಿನಲ್ಲಿ ಗಾಲಿಕುರ್ಚಿಯವರು ಯಾಕೆ ಕಾಣುವುದಿಲ್ಲ ಎಂದು ನಾನು ಕೇಳಿಕೊಂಡದ್ದು ಬಾನ್‌ನಲ್ಲಿ ಅವರು ಟ್ರಾಮ್ ಹತ್ತುವುದನ್ನು ನೋಡಿದ ಮೇಲೆ.

ಎರಡನೇ ಮಾತು, ಹೋದವರು ವಾಪಸ್ ಬರುತ್ತಾರಾ ಅಂತ. ನಾನೇ ವಾಪಸ್ ಬರದೆ ಇಲ್ಲಿ ಕೂತು ಬರೆಯುತ್ತಿದ್ದೇನೆ. ಹಾಗಾಗಿ ಈ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಆದರೆ ನಾನು ಬಂದದ್ದು ಕಂಪನಿಯ ಸಂಬಳಕ್ಕೆ, ಕಂಪನಿಯ ವೀಸಾದಲ್ಲಿ. ಹಳ್ಳಿಯ ಕೆಲಸಕ್ಕೆಂದು, ಒಂದೇ ವರ್ಷಕ್ಕೆಂದು, ಬರಿ ಕೈಖರ್ಚಿನ ಮೇಲೆ, ವಾಪಸ್ ಬಂದರೆ ಊರಲ್ಲಿ ಕೆಲಸ ಇದೆ ಎಂಬ ಭರವಸೆಯ ಮೇಲೆ ಹೋಗುವವರ ಮನಸ್ಸು ಬೇರೆ ಇರುತ್ತದೆ. ಎಸ್.ಆರ್. ಹಿರೇಮಠರು ಅಮೆರಿಕಾದ ಕೆಲಸ ಬಿಟ್ಟು 1979ರಲ್ಲಿ ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಹಳ್ಳಿ ಅಭಿವೃದ್ಧಿಯ ಕೆಲಸ ಶುರು ಮಾಡಿದವರು. ಅವರನ್ನು ಯಾವ ಸರ್ಕಾರವೂ ಕರೆಯಲಿಲ್ಲ. ಬರುವವರಿಗೆ ಒಂದು ದಾರಿ ಮಾಡಿಟ್ಟರೆ ಇನ್ನೂ ಎಷ್ಟು ಜನ ಬರಬಹುದು, ಯೋಚಿಸಿ.

ನನ್ನ ಆಸೆ ದೊಡ್ಡದಲ್ಲ. ಗದಗಿನ ಆ ವಿಶ್ವವಿದ್ಯಾಲಯ ನಾಗಾವಿಯ ಗುಡ್ಡದ ಪಕ್ಕ ಇದೆ. 2016ರ ಕಾಯ್ದೆಯಿಂದ ಹುಟ್ಟಿದ್ದು. ಗ್ರಾಮೀಣಾಭಿವೃದ್ಧಿಗೆಂದೇ ಒಂದು ವಿಶ್ವವಿದ್ಯಾಲಯ ನಮ್ಮ ರಾಜ್ಯದಲ್ಲಿದೆ, ಅದೂ ಗದಗಿನಲ್ಲಿದೆ ಎಂದು ಇಲ್ಲಿನವರಿಗೆ ಹೇಳಿದರೆ ಬೆರಗಾಗುತ್ತಾರೆ. ಇದನ್ನು ಅಲ್ಲಿಂದಲೇ ಶುರು ಮಾಡಬಹುದು. ಮೊದಲ ವರ್ಷ 20 ಜನ ಸಾಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು, ಸಮಾಜಕಾರ್ಯ ಓದಿದವರು, ನರ್ಸಿಂಗ್ ಮುಗಿಸಿದ ಹುಡುಗಿಯರು. ಮುಂಚೆ ಮೂರು ತಿಂಗಳು ನಾಗಾವಿಯಲ್ಲಿ ಉಳಿಸಿಕೊಂಡು ಹೋಗುವ ದೇಶದ ಭಾಷೆ ಕಲಿಸಬೇಕು. ಇದರಲ್ಲಿ ಮಾತ್ರ ಜಪಾನಿನವರಂತೆ ಹಟ ಹಿಡಿಯಬೇಕು. 1853ರಲ್ಲಿ ಧಾರವಾಡಕ್ಕೆ ಬಂದಾಗ ಕಿಟೆಲ್ ಅವರಿಗೆ 21 ವರ್ಷ. ಕಳಿಸಿದ್ದು ಸರ್ಕಾರ ಅಲ್ಲ, ಬಾಸೆಲ್ ಮಿಷನ್. ಅವರು ಬಂದ ಉದ್ದೇಶವೂ ಬೇರೆ ಇತ್ತು. ಆದರೂ ಆ ಹುಡುಗ ಮೊದಲು ಕನ್ನಡ ಕಲಿತ. 1894ರಲ್ಲಿ ಬಂದ ಅವರ ನಿಘಂಟನ್ನು ನಾವು ಇವತ್ತಿಗೂ ತೆರೆಯುತ್ತೇವೆ. ಇಂಗ್ಲಿಷ್ ಒಂದನ್ನೇ ನಂಬಿ ಹೋದವರು ಆ ದೇಶದ ರಾಜಧಾನಿಯ ಆಫೀಸಿನಲ್ಲೇ ಉಳಿದುಬಿಡುತ್ತಾರೆ.

ಖರ್ಚು? ನನ್ನ ಅಂದಾಜಿನಲ್ಲಿ ಒಬ್ಬರಿಗೆ ವರ್ಷಕ್ಕೆ ಐದಾರು ಲಕ್ಷ. ರಾಜ್ಯದ ಬಜೆಟ್ಟಿನಲ್ಲಿ 20 ಜನರ ಖರ್ಚು ಕಣ್ಣಿಗೂ ಬೀಳುವುದಿಲ್ಲ. ಹೊರದೇಶದ ಮಾತಾದ್ದರಿಂದ ವಿದೇಶಾಂಗ ಸಚಿವಾಲಯದ ಕೈ ಬೇಕೇ ಬೇಕು. ಅಲ್ಲಿ ಅಭಿವೃದ್ಧಿ ಸಹಭಾಗಿತ್ವ ನೋಡಿಕೊಳ್ಳುವ ವಿಭಾಗ 2012ರಿಂದ ಇದೆ. ಬಾಗಿಲು ತಟ್ಟುವವರು ಬೇಕು. ಆರಿಸುವಾಗ ಇಲ್ಲಿನವರು ಮಾಡಿದ ತಪ್ಪನ್ನು ಮಾಡಬಾರದು. ಇಂಗ್ಲಿಷಿನಲ್ಲಿ ಚಟಪಟ ಮಾತಾಡುವ ಬೆಂಗಳೂರಿನ ಮಕ್ಕಳೇ ಎಲ್ಲ ಸೀಟು ಹಿಡಿದರೆ ಇಷ್ಟೆಲ್ಲ ಮಾಡಿ ಏನು ಬಂತು? ಸಂದರ್ಶನ ಕನ್ನಡದಲ್ಲೇ ಆಗಲಿ. ನಿಮ್ಮ ಊರಿನ ನೀರು ಎಲ್ಲಿಂದ ಬರುತ್ತದೆ, ಹೇಳು ಎಂದು ಕೇಳಲಿ.

ಇನ್ನೊಂದು ಮಾತು, ಇದು ಜರ್ಮನಿಯವರಿಗೂ ಹೇಳಬೇಕಾದದ್ದು. ವೆಲ್ಟ್‌ವೆರ್ಟ್ಸ್‌ನಲ್ಲಿ ಮೊದಲ ಐದಾರು ವರ್ಷ ಇಲ್ಲಿಯವರು ಅಲ್ಲಿಗೆ ಹೋಗುವುದು ಮಾತ್ರ ಇತ್ತು. ಆಮೇಲೆ ಅಲ್ಲಿಯವರು ಇಲ್ಲಿಗೆ ಬರುವ ದಾರಿಯನ್ನೂ ತೆರೆದರು. ಬಂದವರು ಇಲ್ಲಿನ ಶಿಶುವಿಹಾರದಲ್ಲಿ, ವೃದ್ಧಾಶ್ರಮದಲ್ಲಿ, ಅಂಗವಿಕಲರ ಮನೆಗಳಲ್ಲಿ ಒಂದು ವರ್ಷ ಕೆಲಸ ಮಾಡುತ್ತಾರೆ. ಹೋಗುವವರಿಗಿಂತ ಬರುವವರು ಇನ್ನೂ ಬಹಳ ಕಡಿಮೆ. ಆದರೆ ಆ ದಾರಿ ತೆರೆದದ್ದು ದೊಡ್ಡ ಕೆಲಸ. ನಾವು ಶುರು ಮಾಡುವುದಾದರೆ ಮೊದಲ ದಿನದಿಂದಲೇ ಎರಡೂ ಕಡೆಯ ದಾರಿ ಇರಲಿ. ನಮ್ಮ 20 ಜನ ಹೋದರೆ ಅಲ್ಲಿಂದ 20 ಜನ ಬರಲಿ. ಕಣಗಿನಹಾಳದ ಸಂಘ ನೋಡಲಿ, ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬಟ್ಟೆ ನೇಯುವುದನ್ನು ನೋಡಲಿ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳ ವಾರದ ಲೆಕ್ಕದಲ್ಲಿ ಕೂರಲಿ.

ಅಮೆರಿಕಾದವರ ನೆರವಿನ ಸಂಸ್ಥೆ ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿತು. ಇಲ್ಲಿ ಜರ್ಮನಿಯಲ್ಲೂ ಅಭಿವೃದ್ಧಿ ಸಹಕಾರದ ಬಜೆಟ್ ಕಡಿಮೆಯಾಗುತ್ತಿದೆ. ಶ್ರೀಮಂತ ದೇಶಗಳು ಕೈ ಹಿಂದಕ್ಕೆ ತೆಗೆಯುತ್ತಿರುವ ಹೊತ್ತು ಇದು. ನಮ್ಮಂಥವರು ಕೈ ಚಾಚಬೇಕಾದ ಹೊತ್ತೂ ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ಪಕ್ಕದ ಮನೆಯ ಹುಡುಗ ಅವತ್ತು ನಮ್ಮಲ್ಲಿ ಊಟಕ್ಕೆ ಬಂದಿದ್ದ. ವಿಡಿಯೋದಲ್ಲಿ ಇಬ್ಬರನ್ನೂ ಮಾತಿಗೆ ಬಿಟ್ಟೆ. ಇವನ ಇಂಗ್ಲಿಷ್ ತಡವರಿಸುತ್ತಿತ್ತು, ಅವನದೂ ಹಾಗೆಯೇ. ಆದರೂ ಮುಕ್ಕಾಲು ಗಂಟೆ ಮಾತಾಡಿದರು. ಮಲಾವಿಯಲ್ಲಿ ಶೇಂಗಾ ಸಂಘದ ಸಭೆ ಯಾರ ಮನೆಯಲ್ಲಿ ಆಗುತ್ತದೆ, ಹೆಂಗಸರು ಎದುರಿಗೆ ಕೂರುತ್ತಾರಾ ಹಿಂದೆ ಕೂರುತ್ತಾರಾ, ಲೆಕ್ಕದ ಪುಸ್ತಕ ಯಾರ ಹತ್ತಿರ ಇರುತ್ತದೆ. ಇವನು ಒಂದೊಂದೇ ಕೇಳುತ್ತಿದ್ದ. ನಲ್ಲಿ ನೀರಿನ ಕತೆ ಹೇಳುವಾಗ ಇದ್ದ ಆ ಹೊಳಪು ಕಣ್ಣಿಗೆ ವಾಪಸ್ ಬಂದಿತ್ತು. ಕೊನೆಗೆ ಅಲ್ಲಿ ಹೇಗಿದ್ದೀರಿ ಅಂತ ಕೇಳೋದು ಹೇಗೆ ಎಂದ. "ಮುಲಿ ಬ್ವಾಂಜಿ" ಎಂದು ಪಕ್ಕದ ಮನೆಯ ಹುಡುಗ ಹೇಳಿಕೊಟ್ಟ.

ಅವನು ಫೋನನ್ನು ಮಂಚದ ಮೇಲೆ ಇಟ್ಟು ಎದ್ದ. ನಮಗೆ ಕಾಣುತ್ತಿದ್ದದ್ದು ತಾರಸಿ ಮತ್ತು ತಿರುಗುವ ಫ್ಯಾನು ಮಾತ್ರ. ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ಫೋನ್ ಎತ್ತಿ ನಕ್ಷೆಯ ಹತ್ತಿರ ಹಿಡಿದು ತೋರಿಸಿದ. ಮಲಾವಿಯ ಮೇಲೆ, ಲಿಲಾಂಗ್ವೆ ಮತ್ತು ಕ್ವಾಚಾದ ಪಕ್ಕ ಜಾಗವೇ ಇರಲಿಲ್ಲ. ಅದಕ್ಕೇ ಸಮುದ್ರದ ನೀಲಿಯಲ್ಲಿ, ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಿದ್ದ: ಮುಲಿ ಬ್ವಾಂಜಿ.